ಕೊಟ್ಟ ಗ್ರಂಥ, ಓದಿದ ಗ್ರಂಥ: ಶಾಸ್ತ್ರದಾನದ ಇತಿಹಾಸದ ಕೆಲವು ನೋಟಗಳು

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಪರಿಸರದಲ್ಲಿ ಕಾರ್ತಿಕ ಮಾಸದ ದೀಪೋತ್ಸವದಿಂದ ಮೊದಲ್ಗೊಂಡು ಬೇಸಗೆಯ ರಥೋತ್ಸವಗಳವರೆಗೆ ನಡೆಯುವ ಸಭೆ-ಸಮಾರಂಭಗಳಿಗೆ ಹೋದವರು ಬರಿಗೈಯಲ್ಲಿ ಮರಳುವುದು ಅಪರೂಪ. ಸಹಕಾರಿ ಸಂಘದ ಹೆಸರು ಅಚ್ಚಾದ ಕೈಚೀಲ, ಶಿಕ್ಷಣ ಸಂಸ್ಥೆಯ ಲಾಂಛನವಿರುವ ಪೆನ್ನು, ಬ್ಯಾಂಕಿನ ಕ್ಯಾಲೆಂಡರು, ಪ್ರಾಯೋಜಕರ ಭಾವಚಿತ್ರ ಹೊತ್ತ ಸ್ಮರಣ ಸಂಚಿಕೆ, ದಾನಿಗಳ ನಾಮಾವಳಿ ಇರುವ ಪೂಜಾಪುಸ್ತಕ - ಇವುಗಳಲ್ಲಿ ಒಂದಾದರೂ ಕೈಸೇರುತ್ತದೆ. ಸಂಸ್ಥೆಯೊಂದು ಜನರನ್ನು ತಲುಪಲು ಏನನ್ನಾದರೂ ಉಚಿತವಾಗಿ ಕೊಡಬೇಕು, ಕೊಟ್ಟದ್ದರ ಮೇಲೆ ತನ್ನ ಹೆಸರಿರಬೇಕು ಎಂಬುದು ಇಂದಿನ ವ್ಯವಹಾರಜ್ಞಾನದ ಮೊದಲ ಪಾಠ. ಇದನ್ನು ಆಧುನಿಕ ಮಾರುಕಟ್ಟೆಯ ಆವಿಷ್ಕಾರವೆಂದು ಭಾವಿಸುವುದು ವಾಡಿಕೆ. ಆದರೆ ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಗ್ರಂಥವನ್ನು ಪ್ರತಿ ಮಾಡಿಸಿ ಹಂಚುವ, ಹಂಚಿದ ಗ್ರಂಥದ ಕೊನೆಯಲ್ಲಿ ಕೊಟ್ಟವರ ಹೆಸರನ್ನು ಬರೆಸುವ ಪದ್ಧತಿಗೆ ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ಹೆಸರು ಶಾಸ್ತ್ರದಾನ. ದಾನವು ಯಾವಾಗ ಪ್ರಚಾರವಾಗುತ್ತದೆ, ಪ್ರಚಾರವು ಯಾವಾಗ ನಿಜವಾದ ಪ್ರಸಾರವಾಗುತ್ತದೆ ಎಂಬ ಪ್ರಶ್ನೆಗೆ ಈ ಇತಿಹಾಸ ಕೊಡುವ ಉತ್ತರ ಸರಳವಾದುದಲ್ಲ.

ಜೈನ ಶ್ರಾವಕಾಚಾರ ಗ್ರಂಥಗಳು ಗೃಹಸ್ಥನಿಗೆ ನಾಲ್ಕು ಬಗೆಯ ದಾನಗಳನ್ನು ವಿಧಿಸುತ್ತವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಪಟ್ಟಿ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಶಾಸ್ತ್ರದ ಸ್ಥಾನದಲ್ಲಿ ‘ಉಪಕರಣ’ ಎಂಬ ಮಾತಿದೆ. ವ್ರತಿಯ ಜ್ಞಾನಸಾಧನೆಗೆ ಬೇಕಾದ ಗ್ರಂಥವೂ ಅದರಲ್ಲಿ ಸೇರುತ್ತದೆ. ಈ ದಾನಕ್ಕೆ ಸಮಂತಭದ್ರರು ನಿದರ್ಶನವಾಗಿ ಹೆಸರಿಸುವುದು ಕೌಂಡೇಶನನ್ನು. ಅವನ ಕಥೆ ಗಮನಾರ್ಹವಾಗಿದೆ. ಹಿಂದಿನ ಜನ್ಮದಲ್ಲಿ ಅವನು ಗೋವಿಂದನೆಂಬ ದನಗಾಹಿ. ಮರದ ಪೊಟರೆಯೊಂದರಲ್ಲಿ ಅವನಿಗೆ ಒಂದು ಗ್ರಂಥ ಸಿಗುತ್ತದೆ. ಅದನ್ನು ಭಕ್ತಿಯಿಂದ ಪೂಜಿಸಿ, ಪದ್ಮನಂದಿ ಎಂಬ ಮುನಿಗೆ ಒಪ್ಪಿಸುತ್ತಾನೆ. ಆ ಪುಣ್ಯದಿಂದ ಮರುಜನ್ಮದಲ್ಲಿ ಶ್ರುತಪಾರಂಗತನಾದ ಕೌಂಡೇಶ ಮುನಿಯಾಗುತ್ತಾನೆ. ಇಲ್ಲಿ ದಾನಿ ಗ್ರಂಥವನ್ನು ಬರೆಸಿದವನಲ್ಲ, ಅದಕ್ಕೆ ಹಣ ತೆತ್ತವನಲ್ಲ. ಅವನು ಮಾಡಿದ ಕೆಲಸ ಒಂದೇ: ಪೊಟರೆಯಲ್ಲಿ ಬಿದ್ದಿದ್ದ ಗ್ರಂಥವನ್ನು ಓದಬಲ್ಲವನ ಕೈಗೆ ಮುಟ್ಟಿಸಿದ್ದು. ಶಾಸ್ತ್ರದಾನದ ಆದರ್ಶಕಥೆಯಲ್ಲಿ ಪ್ರತಿಗಳ ಸಂಖ್ಯೆಗಾಗಲಿ ವೆಚ್ಚಕ್ಕಾಗಲಿ ಜಾಗವಿಲ್ಲದಿರುವುದು ಆಕಸ್ಮಿಕವಲ್ಲ. ಈ ಕಥೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಮುಂದಿನ ಘಟನೆಗಳನ್ನು ನೋಡಬಹುದು.

ಸಂಖ್ಯೆ ಮೊದಲು ಬೆರಗು ಹುಟ್ಟಿಸುವುದು ಅತ್ತಿಮಬ್ಬೆಯ ಚರಿತ್ರೆಯಲ್ಲಿ. ಚಾಳುಕ್ಯ ರಾಜ್ಯದ ಸೇನಾನಿ ಮಲ್ಲಪನ ಮಗಳು, ನಾಗದೇವನ ಮಡದಿ, ರನ್ನನ ‘ಅಜಿತಪುರಾಣ’ಕ್ಕೆ (993) ಪೋಷಕಿಯಾದ ಈಕೆ ‘ದಾನಚಿಂತಾಮಣಿ’ ಎಂಬ ಬಿರುದಿನಿಂದ ಪ್ರಸಿದ್ಧಳು. ಲಕ್ಕುಂಡಿಯಲ್ಲಿ ಈಕೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. 1007ರ ಅಲ್ಲಿನ ಶಾಸನ ಈಕೆಯ ಗುಣಗಾನ ಮಾಡುತ್ತದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ಸಾವಿರದ ಐನೂರು ಚಿನ್ನದ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು ಎಂಬುದು ಕನ್ನಡ ಸಾಹಿತ್ಯಚರಿತ್ರೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ಮಾತು. ಆದರೆ ಆ ಮಾತಿನ ಭಾರವನ್ನು ತೂಗಿ ನೋಡಿದವರು ಕಡಿಮೆ.

ಶಾಂತಿಪುರಾಣ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಒಬ್ಬ ಲಿಪಿಕಾರ ಒಂದು ಪ್ರತಿಗೆ ಒಂದು ತಿಂಗಳು ತೆಗೆದುಕೊಳ್ಳುತ್ತಾನೆಂದು ಲೆಕ್ಕಕ್ಕಾಗಿ ಊಹಿಸಿದರೆ, ಸಾವಿರ ಪ್ರತಿಗಳಿಗೆ ಒಬ್ಬನೇ ಕುಳಿತರೆ ಎಂಬತ್ತಮೂರು ವರ್ಷ ಬೇಕು. ಐವತ್ತು ಮಂದಿ ಕುಳಿತರೂ ಇಪ್ಪತ್ತು ತಿಂಗಳು. ಅದರ ಮೊದಲು ತಾಳೆಯ ಗರಿಗಳನ್ನು ತರಿಸಬೇಕು, ಬೇಯಿಸಿ ಒಣಗಿಸಿ ಹದಗೊಳಿಸಬೇಕು, ಅಳತೆಗೆ ಕತ್ತರಿಸಿ ತೂತು ಕೊರೆಯಬೇಕು. ಬರೆದ ಮೇಲೆ ತಪ್ಪು ತಿದ್ದಬೇಕು, ಪಟ್ಟಿಕೆಗಳ ನಡುವೆ ಇಟ್ಟು ದಾರ ಕಟ್ಟಬೇಕು. ಇಷ್ಟು ಜನರ ಅನ್ನ, ವಸತಿ, ಸಂಭಾವನೆಗಳ ಹೊರೆ ಬೇರೆ. ಐರೋಪ್ಯ ಮುದ್ರಣದ ಆದಿಯಲ್ಲಿ, 1455ರ ಸುಮಾರಿಗೆ, ಗುಟೆನ್‌ಬರ್ಗ್ ಅಚ್ಚುಹಾಕಿದ ಬೈಬಲ್ಲಿನ ಪ್ರತಿಗಳು ಸುಮಾರು 180 ಎಂದು ಪುಸ್ತಕಚರಿತ್ರಕಾರರು ಅಂದಾಜು ಮಾಡಿದ್ದಾರೆ. ಅದಕ್ಕೆ ನಾಲ್ಕೂವರೆ ಶತಮಾನಗಳ ಹಿಂದೆ ಕೈಬರಹದಲ್ಲಿ ಸಾವಿರ ಪ್ರತಿಗಳೆಂದರೆ ಅದು ಒಬ್ಬ ದಾನಿಯ ಔದಾರ್ಯದಷ್ಟೇ ಒಂದು ಸಂಘಟನೆಯ ಸಾಮರ್ಥ್ಯವನ್ನೂ ಸೂಚಿಸುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಶಾಂತಿಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವರು ಆ ಕಾವ್ಯವನ್ನು ಬರೆಯಿಸಿದರು. ಎಂದರೆ ಅತ್ತಿಮಬ್ಬೆ ಹಂಚಿದ್ದು ತನ್ನ ತವರಿನ ಆಶ್ರಯದಲ್ಲಿ ಹುಟ್ಟಿದ, ತನ್ನ ಮನೆತನದ ಕೀರ್ತಿಯನ್ನು ಒಳಗೊಂಡಿದ್ದ ಗ್ರಂಥವನ್ನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದರಲ್ಲಿ ಪ್ರಚಾರವೂ ಇತ್ತು. ಇದನ್ನು ಒಪ್ಪಿಕೊಂಡರೆ ಅತ್ತಿಮಬ್ಬೆಯ ಹಿರಿಮೆಗೆ ಕುಂದಿಲ್ಲ. ಆಕೆ ತನ್ನ ಸಂಪತ್ತನ್ನು ಬಿಂಬಗಳಿಗಷ್ಟೇ ಮುಗಿಸಿದ್ದರೂ ದಾನಚಿಂತಾಮಣಿಯೇ ಆಗುತ್ತಿದ್ದಳು. ಬಿಂಬದ ಜೊತೆಗೆ ಕಾವ್ಯವೂ ಊರೂರಿಗೆ ಹೋಗಬೇಕು, ಅದೂ ಸಂಸ್ಕೃತ-ಪ್ರಾಕೃತಗಳ ಶಾಸ್ತ್ರವಾಗಿರದೆ ಕನ್ನಡ ಕಾವ್ಯವಾಗಿರಬೇಕು ಎಂಬ ಆಯ್ಕೆಯಲ್ಲಿ ಆಕೆಯ ದೂರದೃಷ್ಟಿ ಇದೆ.

ಇದಕ್ಕೂ ಹಿಂದಿನ ಹೊರಜಗತ್ತನ್ನು ನೋಡಿದರೆ ಹೋಲಿಕೆಗೆ ಎರಡು ನಿದರ್ಶನಗಳು ದೊರೆಯುತ್ತವೆ. ಜಪಾನಿನ ಮಹಾರಾಣಿ ಶೋತೊಕು 764ರ ದಂಗೆ ಅಡಗಿದ ಮೇಲೆ ಹತ್ತು ಲಕ್ಷ ಪುಟ್ಟ ಮರದ ಸ್ತೂಪಗಳನ್ನು ಮಾಡಿಸಿ, ಒಂದೊಂದರೊಳಗೂ ಅಚ್ಚಾದ ಬೌದ್ಧ ಧಾರಣೀಮಂತ್ರದ ಸುರುಳಿಯನ್ನಿರಿಸಿ, 770ರ ಹೊತ್ತಿಗೆ ಹತ್ತು ದೇವಾಲಯಗಳಿಗೆ ಹಂಚಿಸಿದಳು. ಚೀನದಲ್ಲಿ 868ರಲ್ಲಿ ಅಚ್ಚಾದ ವಜ್ರಚ್ಛೇದಿಕಾ ಸೂತ್ರದ ಸುರುಳಿ ದುನ್‌ಹುವಾಂಗ್‌ನ ಗುಹೆಯಲ್ಲಿ ದೊರೆತು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಾಂಗ್ ಜೀ ಎಂಬಾತ ತನ್ನ ತಂದೆತಾಯಿಗಳ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲೆಂದು ಇದನ್ನು ಮಾಡಿಸಿದನೆಂದು ಅದರ ಕೊನೆಯ ಬರಹ ತಿಳಿಸುತ್ತದೆ. ದಾನಿಯ ಹೆಸರು, ದಿನಾಂಕ, ಉದ್ದೇಶ ಮೂರೂ ಅಲ್ಲಿವೆ. ಶೋತೊಕುವಿನ ಸುರುಳಿಗಳು ಓದುವುದಕ್ಕೆ ಆದವುಗಳಲ್ಲ. ಸ್ತೂಪದ ಹೊಟ್ಟೆಯಲ್ಲಿ ಮುಚ್ಚಿಟ್ಟು ಪುಣ್ಯ ಗಳಿಸುವುದಕ್ಕೆ ಆದವು. ಅತ್ತಿಮಬ್ಬೆಯ ಸಾವಿರ ಪ್ರತಿಗಳು ಕಾವ್ಯದವು. ಕಾವ್ಯವನ್ನು ವಾಚಿಸಬೇಕು, ಕೇಳಬೇಕು. ಗ್ರಂಥವನ್ನು ಇದ್ದಲ್ಲೇ ಪೂಜಿಸುವುದು ಒಂದು ದಾರಿ, ತೆರೆದು ಓದುವುದು ಇನ್ನೊಂದು ದಾರಿ. ಕರಾವಳಿಯ ಜೈನ ಇತಿಹಾಸದಲ್ಲಿ ಈ ಎರಡು ದಾರಿಗಳೂ ಕಾಣಸಿಗುತ್ತವೆ.

ಅರಸು ಮನೆತನಗಳಾಚೆಗೆ ಶಾಸ್ತ್ರದಾನವನ್ನು ಸಾಮಾನ್ಯ ಶ್ರಾವಕ-ಶ್ರಾವಿಕೆಯರ ಬದುಕಿಗೆ ತಂದದ್ದು ನೋಂಪಿ. ವ್ರತವನ್ನು ನಿಯತಕಾಲ ಆಚರಿಸಿ ಕೊನೆಯಲ್ಲಿ ಉದ್ಯಾಪನೆ ಮಾಡುವಾಗ ಬಸದಿಗೆ ಪೂಜೋಪಕರಣಗಳನ್ನೂ ವ್ರತಿಗಳಿಗೆ ಗ್ರಂಥವನ್ನೂ ಒಪ್ಪಿಸುವುದು ವಿಧಿ. ಕನ್ನಡದಲ್ಲಿ ಗದ್ಯವಾಗಿ ಬೆಳೆದ ‘ನೋಂಪಿಯ ಕಥೆಗಳು’ ಎಂಬ ಪ್ರಕಾರಕ್ಕೆ ಈ ಆಚರಣೆಯೇ ಹಿನ್ನೆಲೆ. ವ್ರತದ ವಿಧಾನ, ಅದನ್ನು ಆಚರಿಸಿ ಫಲ ಪಡೆದವರ ಕಥೆ, ಉದ್ಯಾಪನೆಯ ಕ್ರಮ ಇವಿಷ್ಟೂ ಸೇರಿದ ಈ ಚಿಕ್ಕ ಗ್ರಂಥಗಳು ಒಂದು ವ್ರತದಿಂದ ಮತ್ತೊಂದು ವ್ರತಕ್ಕೆ, ಒಂದು ಮನೆಯಿಂದ ಮತ್ತೊಂದು ಮನೆಗೆ ಹರಡಿದವು. ಗ್ರಂಥವೇ ವ್ರತವನ್ನು ಕಲಿಸುತ್ತದೆ. ವ್ರತ ಮತ್ತೆ ಗ್ರಂಥದ ಪ್ರತಿಯನ್ನು ಮಾಡಿಸುತ್ತದೆ. ಪ್ರಸಾರದ ಇಷ್ಟು ಸ್ವಯಂಪೂರ್ಣ ವ್ಯವಸ್ಥೆಯನ್ನು ಯಾವ ಸಂಸ್ಥೆಯೂ ಸಭೆ ಸೇರಿ ಯೋಜಿಸಿದ್ದಲ್ಲ.

ನೋಂಪಿಗಳಲ್ಲಿ ಗ್ರಂಥಕ್ಕೆ ಅತ್ಯಂತ ಹತ್ತಿರವಾದುದು ಶ್ರುತಪಂಚಮಿ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಆಗಮದ ಉಳಿದ ಭಾಗವನ್ನು ಕಲಿತ ಪುಷ್ಪದಂತ-ಭೂತಬಲಿಗಳು ಅದನ್ನು ‘ಷಟ್ಖಂಡಾಗಮ’ವಾಗಿ ಬರಹಕ್ಕಿಳಿಸಿ, ಜ್ಯೇಷ್ಠ ಶುದ್ಧ ಪಂಚಮಿಯಂದು ಚತುರ್ವಿಧ ಸಂಘದ ಸಮ್ಮುಖದಲ್ಲಿ ಪೂಜಿಸಿದರೆಂಬುದು ದಿಗಂಬರ ಪರಂಪರೆಯ ನಂಬಿಕೆ. ಆ ಗ್ರಂಥಕ್ಕೆ ವೀರಸೇನರು ಬರೆದ ಟೀಕೆ ‘ಧವಲಾ’, ಪರಿಮಾಣದಲ್ಲಿ 72,000 ಶ್ಲೋಕಗಳಷ್ಟು. ‘ಕಸಾಯಪಾಹುಡ’ಕ್ಕೆ ವೀರಸೇನರು ಆರಂಭಿಸಿ ಜಿನಸೇನರು ಪೂರ್ಣಗೊಳಿಸಿದ ‘ಜಯಧವಲಾ’ 60,000 ಶ್ಲೋಕಗಳಷ್ಟು. ಷಟ್ಖಂಡಾಗಮದ ಆರನೆಯ ಖಂಡವಾದ ‘ಮಹಾಬಂಧ’ ಮಹಾಧವಲವೆಂಬ ಹೆಸರಿನಿಂದ ಪ್ರಸಿದ್ಧ. ಈ ಮೂರೂ ಸಿದ್ಧಾಂತಗ್ರಂಥಗಳ ತಾಡವೋಲೆ ಪ್ರತಿಗಳು ಶ್ರೀತಾಳೆಯ ಗರಿಗಳ ಮೇಲೆ, ಮಸಿಯಿಂದ, ಹಳಗನ್ನಡ ಲಿಪಿಯಲ್ಲಿ ಬರೆದವು. ಅವು ಉಳಿದು ಬಂದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ಈ ಕಾರಣದಿಂದಲೇ ಅದಕ್ಕೆ ಸಿದ್ಧಾಂತಬಸದಿ ಎಂಬ ಹೆಸರೂ ರೂಢಿಯಾಯಿತು.

ಈ ಪ್ರತಿಗಳು ಹುಟ್ಟಿದ್ದು ದಾನವಾಗಿ. ಧವಲಾ ಪ್ರತಿಯ ಪ್ರಶಸ್ತಿಯ ಪ್ರಕಾರ ಮಂಡಲಿನಾಡಿನ ಭುಜಬಲ ಗಂಗ ಪೆರ್ಮಾಡಿದೇವನ ಬಂಧುವಾದ ದೇಮಿಯಕ್ಕ ಎಂಬಾಕೆ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯಲ್ಲಿ ಅದನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶ್ರವಣಬೆಳಗೊಳದ ಶಾಸನದಂತೆ ಶುಭಚಂದ್ರರು ಶಕ 1045ರಲ್ಲಿ (ಕ್ರಿ.ಶ. 1123) ಸಮಾಧಿ ಪಡೆದುದರಿಂದ ಈ ದಾನ ಅದಕ್ಕಿಂತ ಹಿಂದಿನದು. ಬೆಳಗೊಳದ ಇನ್ನೊಂದು ಶಾಸನ ಇದೇ ಗುರುಗಳ ಶಿಷ್ಯೆ ದೇಮತಿಯನ್ನು ಚತುರ್ವಿಧ ದಾನಗಳಿಗಾಗಿ ಹೊಗಳುತ್ತದೆ. ಇಬ್ಬರೂ ಒಬ್ಬರೇ ಇರಬಹುದೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಮಹಾಬಂಧದ ಪ್ರತಿಯನ್ನು ಮಾಡಿಸಿದವಳು ಮಲ್ಲಿಕಬ್ಬೆ. ಆಕೆಯೂ ಶ್ರೀಪಂಚಮಿಯ ನೋಂಪಿಯನ್ನು ಪೂರೈಸಿ ಅದನ್ನು ಮಾಘನಂದಿ ಮುನಿಗಳಿಗೆ ಕೊಟ್ಟಳು. ದಿನಕ್ಕೆ ನೂರು ಶ್ಲೋಕಗಳಂತೆ ಬರೆದರೂ ಧವಲಾ ಒಂದನ್ನೇ ಮುಗಿಸಲು ಒಬ್ಬ ಲಿಪಿಕಾರನಿಗೆ 720 ದಿನಗಳು ಬೇಕೆಂಬುದನ್ನು ನೆನೆದರೆ ಈ ಶ್ರಾವಿಕೆಯರ ಸಂಕಲ್ಪದ ಗಾತ್ರ ತಿಳಿಯುತ್ತದೆ.

ಈ ಪ್ರತಿಗಳಲ್ಲಿ ಜಿನರ, ಯಕ್ಷ-ಯಕ್ಷಿಯರ ವರ್ಣಚಿತ್ರಗಳ ಜೊತೆಗೆ ಕೈಮುಗಿದ ಭಕ್ತರ ಚಿತ್ರಗಳೂ ಇವೆ. ದಾನಿಯ ಹೆಸರು, ವಂಶ, ಗುರು, ದಾನದ ಸಂದರ್ಭಗಳನ್ನು ಹೇಳುವ ಪ್ರಶಸ್ತಿ ಗ್ರಂಥದೊಳಗೇ ಇದೆ. ಇಂದಿನ ಸ್ಮರಣ ಸಂಚಿಕೆಯ ಮೊದಲ ಪುಟಗಳಲ್ಲಿರುವ ಪ್ರಾಯೋಜಕರ ಭಾವಚಿತ್ರಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಎರಡು ವ್ಯತ್ಯಾಸಗಳನ್ನು ಗುರುತಿಸಬಹುದು. ಮೊದಲನೆಯದು, ಪ್ರಶಸ್ತಿಯಲ್ಲಿ ಕೊಟ್ಟವರ ಹೆಸರಿನಷ್ಟೇ ಸ್ಪಷ್ಟವಾಗಿ ಪಡೆದವರ ಹೆಸರಿದೆ. ದೇಮಿಯಕ್ಕ ಕೊಟ್ಟಳು ಎಂಬಲ್ಲಿಗೆ ವಾಕ್ಯ ಮುಗಿಯುವುದಿಲ್ಲ. ಶುಭಚಂದ್ರರಿಗೆ ಕೊಟ್ಟಳು ಎಂದಾಗಲೇ ಅದು ಪೂರ್ಣ. ಆ ಗ್ರಂಥವನ್ನು ಓದಬಲ್ಲ, ವ್ಯಾಖ್ಯಾನಿಸಬಲ್ಲ ಪಾತ್ರರನ್ನು ಹುಡುಕಿ ಕೊಡುವುದು ದಾನದ ಅಂಗವಾಗಿತ್ತು. ಎರಡನೆಯದು, ಸಂಶೋಧಕರಿಗೆ ಮುಖ್ಯವಾದುದು: ಈ ಹೆಸರುಗಳಿಲ್ಲದಿದ್ದರೆ ಪ್ರತಿಗಳ ಕಾಲ, ದೇಶ, ಗುರುಪರಂಪರೆ ಯಾವುದೂ ತಿಳಿಯುತ್ತಿರಲಿಲ್ಲ. 12ನೆಯ ಶತಮಾನದ ಶ್ರಾವಿಕೆಯರ ವಿದ್ಯಾಪ್ರೀತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಕೀರ್ತಿಯ ಆಸೆ ಇತಿಹಾಸಕ್ಕೆ ಉಪಕಾರ ಮಾಡಿದ ಸಂದರ್ಭವಿದು.

ಆದರೆ ಈ ದಾನದ ಮುಂದಿನ ಗತಿ ವಿಚಿತ್ರವಾದುದು. ಓದುವವರಿಗಾಗಿ ಕೊಟ್ಟ ಗ್ರಂಥ ಶತಮಾನಗಳು ಕಳೆದಂತೆ ದರ್ಶನದ ವಸ್ತುವಾಯಿತು. ದೂರದೂರದಿಂದ ಬಂದ ಯಾತ್ರಿಕರು ಸಿದ್ಧಾಂತಬಸದಿಯಲ್ಲಿ ರತ್ನಬಿಂಬಗಳ ದರ್ಶನದೊಡನೆ ‘ಸಿದ್ಧಾಂತದರ್ಶನ’ವನ್ನೂ ಮಾಡಿ ಕಾಣಿಕೆ ಸಲ್ಲಿಸಿ ಧನ್ಯರಾದರು. ಗರಿಗಳ ಮೇಲಿನ ಅಕ್ಷರ ಹಳಗನ್ನಡದ್ದು, ಭಾಷೆ ಪ್ರಾಕೃತ-ಸಂಸ್ಕೃತ, ವಿಷಯ ಕರ್ಮಸಿದ್ಧಾಂತ. ಮೂರನ್ನೂ ಬಲ್ಲವರು ವಿರಳರಾದರು. ಸಿದ್ಧಾಂತಗ್ರಂಥಗಳನ್ನು ಓದಲು ಗೃಹಸ್ಥರಿಗೆ ಅಧಿಕಾರವಿಲ್ಲವೆಂಬ ನಂಬಿಕೆಯೂ ಬಲವಾಗಿತ್ತು. ಪೊಟರೆಯಿಂದ ಮುನಿಯ ಕೈಗೆ ಹೋಗಿದ್ದ ಗ್ರಂಥ ಮತ್ತೆ ಪೊಟರೆ ಸೇರಿದಂತಾಯಿತು.

ಇದನ್ನು ಬರಿಯ ದೂರಾಗಿ ಹೇಳುವುದು ನ್ಯಾಯವಲ್ಲ. ಅತ್ತಿಮಬ್ಬೆಯ ಸಾವಿರ ಪ್ರತಿಗಳಲ್ಲಿ ಇದು ಎಂದು ಇಂದು ಬೆರಳಿಟ್ಟು ತೋರಿಸಬಹುದಾದ ಒಂದು ಪ್ರತಿಯೂ ಇಲ್ಲ. ಕೈಯಿಂದ ಕೈಗೆ ಹೋದ ಗರಿಗಳು ಸವೆದವು, ಹುಳು ತಿಂದವು, ಹರಿದವು; ಆದರೆ ಕಾವ್ಯ ಉಳಿಯಿತು. ಮೂಡುಬಿದಿರೆಯ ಪ್ರತಿಗಳು ಶತಮಾನಗಳ ಕಾಲ ಕರಾವಳಿಯ ಮಳೆ, ತೇವ, ಗೆದ್ದಲುಗಳನ್ನು ದಾಟಿ ಬಂದದ್ದು ಬೀಗದೊಳಗಿದ್ದ ಕಾರಣದಿಂದ. ಹಂಚಿದ್ದು ಪಾಠವಾಗಿ ಉಳಿಯಿತು, ಮುಚ್ಚಿಟ್ಟದ್ದು ಪ್ರತಿಯಾಗಿ ಉಳಿಯಿತು. ಆ ಭದ್ರತೆ ಇಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ಸಂಪಾದಕರಿಗೆ ಆಧಾರವೇ ಇರುತ್ತಿರಲಿಲ್ಲ. ಬಸದಿಯ ಕಾವಲನ್ನು ಕೃತಜ್ಞತೆಯಿಂದ ನೆನೆಯುತ್ತಲೇ, ಆ ಶತಮಾನಗಳಲ್ಲಿ ಓದಿನ ಪರಂಪರೆ ಕಡಿದುಹೋದುದನ್ನೂ ಒಪ್ಪಿಕೊಳ್ಳಬೇಕು.

ಸಂಸ್ಥೆಯು ಯಾವ ಗ್ರಂಥಕ್ಕೆ ಸಾರ್ವಜನಿಕ ಮನ್ನಣೆ ಕೊಡುತ್ತದೆ ಎಂಬುದರ ಬಗ್ಗೆ ಮೂಡುಬಿದಿರೆಯದೇ ಇನ್ನೊಂದು ಪ್ರಸಂಗವಿದೆ. ರತ್ನಾಕರವರ್ಣಿ 1557ರಲ್ಲಿ ಮುಗಿಸಿದ ‘ಭರತೇಶ ವೈಭವ’ ಎಂಬತ್ತು ಸಂಧಿಗಳ, ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ಕಾವ್ಯ. ದೇವಚಂದ್ರನ ‘ರಾಜಾವಳಿ ಕಥೆ’ ಹೇಳುವಂತೆ, ತನ್ನ ಕಾವ್ಯವನ್ನು ಆನೆಯ ಮೇಲಿರಿಸಿ ಮೆರವಣಿಗೆ ಮಾಡಬೇಕೆಂದು ಕವಿ ಕೋರಿದ. ಕೆಲವು ಪದ್ಯಗಳಲ್ಲಿ ಶಾಸ್ತ್ರವಿರೋಧವಿದೆಯೆಂದು ಗುರುಪೀಠ ಒಪ್ಪಲಿಲ್ಲ. ಮನನೊಂದ ಕವಿ ಮತವನ್ನೇ ತೊರೆದು, ಮುಂದೆ ಮತ್ತೆ ಮರಳಿದ. ಕಥೆಯ ಎಲ್ಲ ವಿವರಗಳನ್ನೂ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಅದು ಮೂರು ಶತಮಾನಗಳ ಅನಂತರದ ದಾಖಲೆ. ಆದರೆ ಗ್ರಂಥಕ್ಕೆ ಆನೆಯ ಮೆರವಣಿಗೆ ಎಂಬ ಗೌರವವೊಂದಿತ್ತು, ಅದು ಊರಿಗೆಲ್ಲ ಗ್ರಂಥವನ್ನು ಸಾರುವ ವಿಧಾನವಾಗಿತ್ತು, ಅದನ್ನು ಕೊಡುವ ಇಲ್ಲವೆ ನಿರಾಕರಿಸುವ ಅಧಿಕಾರ ಪೀಠದ ಕೈಯಲ್ಲಿತ್ತು ಎಂಬ ನೆನಪನ್ನು ಕಥೆ ಉಳಿಸಿಕೊಂಡಿದೆ. ಮೆರವಣಿಗೆ ಸಿಗದ ಆ ಕಾವ್ಯ ಹಾಡುಗಾರಿಕೆಯ ಬಲದಿಂದಲೇ ಮನೆಮನೆಗಳನ್ನು ಹೊಕ್ಕಿತು. ತುಳುನಾಡಿನ ಜೈನ ಮನೆಗಳಲ್ಲಿ ಅದನ್ನು ಹಾಡಿ ಕೇಳಿದವರಿಗೆ ಪೀಠದ ಒಪ್ಪಿಗೆಯ ಪ್ರಶ್ನೆ ಎದುರಾಗಲಿಲ್ಲ.

19ನೆಯ ಶತಮಾನದಲ್ಲಿ ಕೊಡುಗೆಯ ಸ್ವರೂಪವೇ ಬದಲಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ. ಜಾತ್ರೆ-ಸಂತೆಗಳಲ್ಲಿ ಧರ್ಮಪ್ರಸಾರದ ಕಿರುಹೊತ್ತಗೆಗಳನ್ನು ಹಂಚುವುದು ಪ್ರೊಟೆಸ್ಟಂಟ್ ಮಿಶನ್ನುಗಳ ಸಾಮಾನ್ಯ ಕ್ರಮ. 1799ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ ಇದಕ್ಕೆಂದೇ ಹುಟ್ಟಿದ ಸಂಸ್ಥೆ. ಇಲ್ಲಿ ಕೊಡುವವನಿಗೆ ಪಡೆಯುವವನ ಪರಿಚಯವಿಲ್ಲ. ಪಡೆದವನು ಓದಿದನೇ ಎಂದು ತಿಳಿಯುವ ದಾರಿಯೂ ಇಲ್ಲ. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹಂಚಿಕೆಯಾಯಿತು ಎಂಬ ಸಂಖ್ಯೆಯೇ ಯಶಸ್ಸಿನ ಅಳತೆಯಾಗುವುದು ಇಂಥಲ್ಲಿ. ಪ್ರಶಸ್ತಿಯಲ್ಲಿದ್ದ ‘ಇಂಥವರಿಗೆ ಕೊಟ್ಟೆ’ ಎಂಬ ಭಾಗ ಬಿದ್ದುಹೋಗಿ ‘ಇಷ್ಟು ಕೊಟ್ಟೆವು’ ಎಂಬ ಭಾಗ ಉಳಿಯಿತು. ಇಂದಿನ ಉಚಿತ ಕೊಡುಗೆಗಳ ನೇರ ಪೂರ್ವಜನನ್ನು ಹುಡುಕುವುದಾದರೆ ಇಲ್ಲಿ ಹುಡುಕಬೇಕು.

ಆದರೆ ಅದೇ ಮುದ್ರಣಾಲಯದ ಇನ್ನೊಂದು ಕೆಲಸವನ್ನು ಮರೆತರೆ ಅಪಚಾರವಾದೀತು. ಕಿಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ ಮಂಗಳೂರಿನಿಂದ ಹೊರಬಂದವು. ಜೈನ ವೈಯಾಕರಣನ ಕೃತಿಯನ್ನು ಕ್ರೈಸ್ತ ಮಿಶನ್ನಿನ ಮುದ್ರಣಾಲಯ ಅಚ್ಚುಹಾಕುತ್ತಿದ್ದ ಆ ಕಾಲದಲ್ಲಿ ಜೈನ ಸಮಾಜದ ಒಂದು ವರ್ಗ, ಆಗಮಗಳನ್ನು ಅಚ್ಚುಹಾಕಿದರೆ ಅವಿನಯವಾಗುತ್ತದೆಂದು ಹಿಂಜರಿಯುತ್ತಿತ್ತು.

ಆ ಹಿಂಜರಿಕೆಯ ನಡುವೆಯೇ ಸಿದ್ಧಾಂತಗ್ರಂಥಗಳ ಎರಡನೆಯ ಪ್ರಸಾರ ಆರಂಭವಾಯಿತು. ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮೊದಲಾದವರು ಮೂಡುಬಿದಿರೆಯ ಯಾತ್ರೆಯಲ್ಲಿ ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಪ್ರತಿ ಮಾಡಿಸುವ ಪ್ರಯತ್ನಕ್ಕೆ ತೊಡಗಿದರು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಕೈಹಚ್ಚಿದ ಆ ಕೆಲಸ ಎರಡು ದಶಕಗಳಿಗೂ ಮೀರಿ ನಡೆಯಿತು. ಬಸದಿಯ ಭಂಡಾರಕ್ಕೆಂದು ದೇವನಾಗರಿ ಮತ್ತು ಕನ್ನಡ ಪ್ರತಿಗಳು ಸಿದ್ಧವಾಗುತ್ತಿದ್ದಾಗ, ಗಜಪತಿ ಉಪಾಧ್ಯಾಯರ ಮನೆಯಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯೂ ತಯಾರಾಯಿತು. ಉತ್ತರದ ಸಹಾರನಪುರವನ್ನು ಸೇರಿದ ಆ ಪ್ರತಿಯಿಂದ ನಾಗರಿ ಪ್ರತಿಗಳು ಹುಟ್ಟಿ ಬೇರೆಬೇರೆ ಊರುಗಳಿಗೆ ಹರಡಿದವು. ಅನುಮತಿಯಿಲ್ಲದೆ ಹೊರಹೋದ ಪ್ರತಿಯನ್ನು ದಾನವೆನ್ನಬೇಕೋ ಅಪಹಾರವೆನ್ನಬೇಕೋ ಎಂಬ ಚರ್ಚೆಗೆ ಎರಡು ಕಡೆಗಳಿವೆ. ಭಂಡಾರದ ನಂಬಿಕೆಗೆ ಅದು ದ್ರೋಹ. ಗ್ರಂಥದ ದೃಷ್ಟಿಯಿಂದ ಅದು ಬಿಡುಗಡೆ. ಎಂಟು ಶತಮಾನಗಳ ಹಿಂದೆ ಈ ಗ್ರಂಥವನ್ನು ಬರೆಸಿದವಳೂ ಒಬ್ಬ ಶ್ರಾವಿಕೆ, ಹೊರಗೆ ಕಳಿಸಲು ಕೈಜೋಡಿಸಿದವಳೂ ಒಬ್ಬ ಶ್ರಾವಿಕೆ ಎಂಬುದನ್ನು ಗಮನಿಸಬೇಕು. ಮೊದಲನೆಯವಳ ಹೆಸರು ಪ್ರಶಸ್ತಿಯಲ್ಲಿದೆ. ಎರಡನೆಯವಳ ಹೆಸರು ಸಂಪಾದಕರ ಪ್ರಸ್ತಾವನೆಗಳಿಂದ ಮಾತ್ರ ತಿಳಿದುಬರುತ್ತದೆ.

ಹೀಗೆ ಹರಡಿದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು. ಹದಿನಾರು ಸಂಪುಟಗಳ ಆ ಮಹಾಕಾರ್ಯಕ್ಕೆ ಆ.ನೇ. ಉಪಾಧ್ಯೆಯವರಂಥ ವಿದ್ವಾಂಸರ ಸಹಕಾರವಿತ್ತು. ಸೇಠ್ ಶಿತಾಬರಾಯ್ ಲಕ್ಷ್ಮೀಚಂದ್ರರ ದಾನನಿಧಿಯ ಬಲವಿತ್ತು. ನಿಧಿಗೆ ದಾನಿಯ ಹೆಸರೇ ಇದೆ. ದೇಮಿಯಕ್ಕನ ಪದ್ಧತಿ ಮುದ್ರಣಯುಗದಲ್ಲೂ ಮುಂದುವರಿಯಿತು. ಆಮೇಲೆ ಮೂಡುಬಿದಿರೆಯಲ್ಲೇ ಮೂಲಪ್ರತಿಗಳೊಡನೆ ಪಾಠವನ್ನು ತಾಳೆ ನೋಡುವ ಅವಕಾಶವೂ ದೊರೆಯಿತು. 1947ರಿಂದ ಮಹಾಬಂಧದ ಸಂಪುಟಗಳು ಭಾರತೀಯ ಜ್ಞಾನಪೀಠದ ಮೂಲಕ ಹೊರಬಂದವು. ಮರುವರ್ಷ ಅದೇ ಸಂಸ್ಥೆ ಮೂಡುಬಿದಿರೆಯ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿ ಏನೇನಿದೆ ಎಂದು ಹೊರಗಿನ ವಿದ್ವಾಂಸರಿಗೆ ತಿಳಿಸಿದ ಆ ಸೂಚಿ ಸ್ವತಃ ದೊಡ್ಡ ಶಾಸ್ತ್ರದಾನ. ಇರುವುದನ್ನು ಇದೆಯೆಂದು ಹೇಳುವುದೂ ಕೊಡುವುದರ ಒಂದು ಬಗೆ.

ಬೆಳ್ತಂಗಡಿಯ ಸೀಮೆಯಲ್ಲಿ ಚತುರ್ವಿಧ ದಾನದ ಪರಿಭಾಷೆ ಇಂದಿಗೂ ಬಳಕೆಯಲ್ಲಿರುವುದು ಜೈನ ಹೆಗ್ಗಡೆಯವರ ಆಡಳಿತವಿರುವ ಧರ್ಮಸ್ಥಳದಲ್ಲಿ. ಅನ್ನ, ಔಷಧ, ವಿದ್ಯೆ, ಅಭಯ ಎಂಬ ಅಲ್ಲಿನ ಪಟ್ಟಿಯಲ್ಲಿ ‘ಶಾಸ್ತ್ರ’ ‘ವಿದ್ಯೆ’ಯಾಗಿದೆ. ಶಾಸ್ತ್ರವೆಂದಾಗ ಪಡೆಯುವವನು ಮುನಿ. ವಿದ್ಯೆಯೆಂದಾಗ ಪಡೆಯುವವನು ಯಾರಾದರೂ ಆಗಬಹುದು. ಈ ಅರ್ಥವಿಸ್ತಾರ ಸಣ್ಣದಲ್ಲ. ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ, 1933ರಲ್ಲಿ, ಲಕ್ಷದೀಪೋತ್ಸವದ ಸಂದರ್ಭಕ್ಕೆ ಸರ್ವಧರ್ಮ ಸಮ್ಮೇಳನ ಸೇರಿಕೊಂಡಿತು. ಸಾಹಿತ್ಯ ಸಮ್ಮೇಳನವೂ ಜೊತೆಗೂಡಿ ಬೆಳೆಯಿತು. ಉತ್ಸವಕ್ಕೆ ಹೇಗೂ ಬರುವ ಜನರ ಮುಂದೆ ವಿದ್ವಾಂಸರನ್ನು ನಿಲ್ಲಿಸಿದ ಯುಕ್ತಿ ಇದು. ಕ್ಷೇತ್ರದ ಶಾಂತಿವನ ಟ್ರಸ್ಟ್ ಶಾಲಾಮಕ್ಕಳಿಗೆ ನೈತಿಕ ಶಿಕ್ಷಣದ ಪುಸ್ತಕಗಳನ್ನು ಮುಟ್ಟಿಸಿ, ಅವುಗಳನ್ನು ಆಧರಿಸಿ ಭಾಷಣ, ಪ್ರಬಂಧ ಮೊದಲಾದ ಸ್ಪರ್ಧೆಗಳನ್ನು ನಡೆಸುವ ಕ್ರಮವೂ ಈ ದೃಷ್ಟಿಯಿಂದ ಗಮನಾರ್ಹ. ಪುಸ್ತಕವನ್ನು ಕೊಟ್ಟಲ್ಲಿಗೆ ಕೆಲಸ ಮುಗಿಯದೆ, ಮಗು ಅದನ್ನು ತೆರೆದು ಓದಿ ತನ್ನ ಮಾತಿನಲ್ಲಿ ಹೇಳುವವರೆಗೆ ಮುಂದುವರಿಯುತ್ತದೆ.

ಅಂತೂ ಹೆಸರು ಹಾಕಿಸುವುದನ್ನು ದೋಷವೆಂದು ಪರಂಪರೆ ಎಂದೂ ಭಾವಿಸಿಲ್ಲ. ಅದು ಕೇಳಿದ್ದು ಪಾತ್ರವಿವೇಕವನ್ನು: ಯಾರಿಗೆ, ಯಾಕೆ, ಅವರು ಅದನ್ನು ಏನು ಮಾಡಬಲ್ಲರು. ಸಮಾರಂಭದ ಮರುದಿನ ಕುರ್ಚಿಗಳ ಮೇಲೆ ಉಳಿದಿರುವ ಸ್ಮರಣ ಸಂಚಿಕೆಗಳಲ್ಲಿ ಬೆಲೆಬಾಳುವ ಸ್ಥಳೀಯ ಇತಿಹಾಸದ ಲೇಖನಗಳು ಅದೆಷ್ಟೋ ಇವೆ. ಅವು ಗ್ರಂಥಾಲಯಗಳನ್ನು ಸೇರುವುದಿಲ್ಲ, ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ. ಹತ್ತು ವರ್ಷಗಳಾದ ಮೇಲೆ ಸಂಶೋಧಕ ಹುಡುಕಿದರೆ ಸಿಗುವುದಿಲ್ಲ. ಸಾವಿರ ಪ್ರತಿ ಅಚ್ಚುಹಾಕಿಸುವ ಸಂಘಟಕರು ಅವುಗಳಲ್ಲಿ ಇಪ್ಪತ್ತನ್ನು ಕಾಲೇಜುಗಳ, ಸಂಶೋಧನ ಕೇಂದ್ರಗಳ ಗ್ರಂಥಾಲಯಗಳಿಗೆ ಕಳಿಸಿ ರಸೀತಿ ಪಡೆದರೆ ಆ ಇಪ್ಪತ್ತು ಪ್ರತಿಗಳೇ ಉಳಿದವುಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಕರಾವಳಿಯ ಭಂಡಾರಗಳ ಕನ್ನಡ ಓಲೆಗ್ರಂಥಗಳ ಕೊನೆಯಲ್ಲಿರುವ ಪ್ರತಿಕಾರರ ಮತ್ತು ದಾನಿಗಳ ಬರಹಗಳನ್ನು ಒಟ್ಟುಗೂಡಿಸಿ, ಯಾರು ಬರೆಸಿದರು, ಯಾರು ಬರೆದರು, ಯಾವ ನೋಂಪಿಗೆ, ಯಾರಿಗೆ ಕೊಟ್ಟರು ಎಂದು ವಿಂಗಡಿಸಿದರೆ ಕನ್ನಡ ಓದುಗವರ್ಗದ ಇತಿಹಾಸವೊಂದು ಮೂಡುತ್ತದೆ. ಕವಿಚರಿತೆಗಳಲ್ಲಿ ಕಾಣದ ಶ್ರಾವಿಕೆಯರ, ಲಿಪಿಕಾರರ ಹೆಸರುಗಳು ಬೆಳಕಿಗೆ ಬರುತ್ತವೆ. ಸಂಪಾದಕರು ಗ್ರಂಥದ ಪಾಠಕ್ಕೆ ಗಮನವಿತ್ತು ಈ ಕೊನೆಯ ಸಾಲುಗಳನ್ನು ಪ್ರಸ್ತಾವನೆಯ ಒಂದು ಮೂಲೆಗೆ ಸರಿಸಿದ್ದೇ ಹೆಚ್ಚು. ಮುಂದಿನ ಜ್ಯೇಷ್ಠ ಶುದ್ಧ ಪಂಚಮಿಯಂದು ಬಸದಿಗಳಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವಾಗ, ಕಟ್ಟು ಮತ್ತೆ ಬಿಗಿಯುವ ಮುನ್ನ ಆ ಕೊನೆಯ ಗರಿಯನ್ನು ಒಬ್ಬರಾದರೂ ಓದಿ ಬರೆದುಕೊಂಡರೆ, ಕೊಟ್ಟವರ ಸಂಕಲ್ಪಕ್ಕೆ ಅಷ್ಟರಮಟ್ಟಿಗೆ ಸಾರ್ಥಕ್ಯ ಬಂದೀತು.